ಮಗಳ ಬೆನ್ನಿನ ತಿರುಚು ಮತ್ತು ನಾನು ಕಲಿಸಿದ ಭಂಗಿ

ಹೋದ ಸೋಮವಾರ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಮಗಳು ಚೈತ್ರಳ ಎಕ್ಸ್‌ರೇ ನೋಡುತ್ತಾ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಸ್ಕ್ರೀನಿಗೆ ಇನ್ನೂ ಹತ್ತಿರ ಬಾಗಿದರು.

ಒಂಬತ್ತನೇ ಕ್ಲಾಸಿನ ಹುಡುಗಿ. ಬೆನ್ನುಮೂಳೆ ಒಂದು ಕಡೆ ಬಾಗಿದೆ, ಜೊತೆಗೆ ಹಗ್ಗ ಹೊಸೆದ ಹಾಗೆ ಸ್ವಲ್ಪ ತಿರುಚಿಕೊಂಡಿದೆ. ಸ್ಕೋಲಿಯೋಸಿಸ್ ಅಂತೆ.

ಜಾಸ್ತಿಯಾದರೆ ಬೆನ್ನಿಗೆ ಬೆಲ್ಟ್, ಇನ್ನೂ ಜಾಸ್ತಿಯಾದರೆ ಆಪರೇಷನ್ ಎಂದು ಆರು ತಿಂಗಳ ಹಿಂದೆ ಹೇಳಿದ್ದರು. ಆವತ್ತಿನಿಂದ ನನ್ನ ಕಣ್ಣು ಅವಳ ಬೆನ್ನು ಬಿಟ್ಟು ಬೇರೆ ನೋಡಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಅದೂ ಅರ್ಧ. ಆವತ್ತು ಡಾಕ್ಟರಮ್ಮನೇ ಸ್ಕ್ರೀನ್ ತೋರಿಸಿ ಹೇಳಿಕೊಟ್ಟಿದ್ದರು. ಒಂದೊಂದು ಮೂಳೆಯಲ್ಲೂ ಎರಡು ಕಣ್ಣಿನಂಥ ಗುರುತುಗಳಿವೆ. ಮೂಳೆ ನೇರವಿದ್ದರೆ ಎರಡೂ ಸಮವಾಗಿ ಕಾಣುತ್ತವೆ, ತಿರುಗಿದರೆ ಎರಡೂ ಒಂದೇ ಪಕ್ಕಕ್ಕೆ ಸರಿಯುತ್ತವೆ. ಎಷ್ಟು ಸರಿದಿದೆಯೋ ಅದೇ ತಿರುಚಿನ ಅಳತೆ.

ಈ ಸಲ ಮೇಲಿಂದ ಕೆಳಗಿನವರೆಗೂ ಎಲ್ಲವೂ ಸರಿದಿದ್ದವು!

"ಬರೀ ಬೆನ್ನಲ್ಲ, ಸೊಂಟದ ಮೂಳೆನೂ ತಿರುಗಿದೆಯಲ್ಲ, ಇಡೀ ಮೈಯೇ ತಿರುಗಿಸಿ ನಿಂತಂಗೆ... ಎಕ್ಸ್‌ರೇಗೆ ಹೆಂಗೆ ನಿಂತಿದ್ದೆ ಪುಟ್ಟಾ?"

"ನಮ್ಮಪ್ಪ ಹೇಳ್ಕೊಟ್ಟಂಗೆ ಮೇಡಂ. ಬಲಗಡೆ ಭುಜ ಮುಂದುಕ್ಕೆ. ಒಂದ್ ತಿಂಗಳಿಂದ ಪ್ರಾಕ್ಟೀಸ್ ಮಾಡುಸ್ತಾವ್ರೆ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿಜ. ತಿರುಚಿನಿಂದ ಎದ್ದ ಬೆನ್ನಿನ ಬಲಗಡೆಯ ಉಬ್ಬು ಡಾಕ್ಟರಮ್ಮನಿಗೆ ಕಾಣದಿರಲಿ, ಬೆಲ್ಟ್ ತಪ್ಪಲಿ ಎಂದು ದಿನಾ ಸಂಜೆ ಗೋಡೆಗೆ ನಿಲ್ಲಿಸಿ ನಾನೇ ಕಲಿಸಿದ್ದೆ. ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇಲ್, ಅಂದರೆ ಮೂಟೆ, ಕಟ್ಟುವಾಗ ಕಳಪೆ ಎಲೆ ಒಳಗಿಟ್ಟು ಒಳ್ಳೆಯದನ್ನು ಮೇಲಿಡುತ್ತೇವಲ್ಲ, ಅದೇ ಬುದ್ಧಿ. ಹರಾಜಿನಲ್ಲಿ ಕೊಳ್ಳುವವನು ನಡುವಿನಿಂದ ಎಲೆ ಎಳೆದು ನೋಡೇ ನೋಡುತ್ತಾನೆ, ಅದು ಗೊತ್ತಿದ್ದೂ...

ತಲೆ ತಗ್ಗಿಸಿ ಒಪ್ಪಿಕೊಂಡೆ. ಡಾಕ್ಟರಮ್ಮ ನಕ್ಕೇಬಿಟ್ಟರು. "ನಮ್ದೂ ಹೊಗೆಸೊಪ್ಪಿನ ಊರೇ, ಹುಣಸೂರು ಕಣ್ರೀ ಯಜಮಾನ್ರೇ. ಬೇಲ್ ಆಟ ನಂಗೊತ್ತು. ಮಗಳನ್ನೂ ಬುಡ್ಲಿಲ್ವಾ ನೀವು?"

ಮತ್ತೊಂದು ಎಕ್ಸ್‌ರೇ. ಈ ಸಲ ಪಾದ, ಸೊಂಟ, ಭುಜ ನೇರ ಮಾಡಿ ಅವರೇ ನಿಲ್ಲಿಸಿದರು. ನನ್ನನ್ನು ಹೊರಗೆ ಕೂರಿಸಿದರು. ಆ ಹತ್ತು ನಿಮಿಷದಲ್ಲಿ ನೆನೆಯದ ದೇವರಿಲ್ಲ.

ಕರೆದರು. ಸ್ಕ್ರೀನಿನಲ್ಲಿ ಹಳೆಯದು, ಹೊಸದು ಅಕ್ಕಪಕ್ಕ. ತಿರುಚು ಆರು ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ ಇದೆ! ಬೆಲ್ಟ್ ಬೇಡ, ಖೋಖೋ ಆಡಬಹುದು, ಆರು ತಿಂಗಳು ಬಿಟ್ಟು ಬನ್ನಿ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಚೈತ್ರ ಮುಂದೆ ನಡೆಯುತ್ತಿದ್ದಾಳೆ. ನಾನು ಹಿಂದೆ. ನನ್ನ ಕಣ್ಣು ಮತ್ತೆ ಅವಳ ಭುಜದ ಮೇಲೇ...

ತಿರುಗಿಯೂ ನೋಡದೆ ಅಂತಾಳೆ, "ಅಪ್ಪಾ, ನನ್ ಬೆನ್ ನೋಡಿದ್ದು ಸಾಕು, ಬೋರ್ಡ್ ನೋಡು. ಬಸ್ ಹೊಂಟೋಯ್ತದೆ!"

ಮಕ್ಕಳ ಬೆನ್ನ ಹಿಂದೆಯೇ ನಡೆಯುತ್ತಾ ಭಯಪಡದೆ ಇರುವುದು ಹೇಗೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?