ದೇವರಿಗೆ ಬಂಗುಡೆ ಮಾರಿದವಳು

ಬೂಸಾನಿನ ಮೀನುಪೇಟೆಯಲ್ಲಿ ನನ್ನ ಪಕ್ಕದ ಬುಟ್ಟಿ ಓಕ್‌ಬುನ್‌ದು. ಬಾಯಿ ಬಿಟ್ಟರೆ ಗಿರಾಕಿಯ ಏಳು ತಲೆಮಾರು ಜಾಲಾಡುವ ಹೆಂಗಸು. ಅಂಥವಳು ಚರ್ಚಿನಲ್ಲಿ ಕಣ್ಣು ಮುಚ್ಚಿದರೆ ಸಾಕು, ಯಾರಿಗೂ ಅರ್ಥವಾಗದ ಮಾತು ಬಡಬಡ ಹೊರಡುತ್ತಿತ್ತು. ಪವಿತ್ರಾತ್ಮ ಕೊಟ್ಟ ಸ್ವರ್ಗದ ಭಾಷೆ ಎನ್ನುತ್ತಿದ್ದರು ರ್ಯೂ ಪಾದ್ರಿಗಳು. ನಾನು ಹೋಗುತ್ತಿದ್ದುದು ಪ್ರಾರ್ಥನೆ ಮುಗಿದ ಮೇಲೆ ಬಡಿಸುವ ಬಿಸಿ ನೂಡಲ್ಸಿಗೆ. ನನಗೇಕೆ ಆ ಉಸಾಬರಿ?

"ದೇವರಿದಾನೆ ಅಂತ ಏನೇ ಗ್ಯಾರಂಟಿ?" ಎಂದು ಕೆಣಕುತ್ತಿದ್ದೆ.

"ನನ್ನ ಮುಟ್ಟಿದಾನೆ ಕಣೇ ಮಾಲ್ಸುನ್. ಗಂಡ ಸತ್ತಾಗ ಅಳು ನಿಲ್ತಾನೇ ಇರಲಿಲ್ಲ. ಈ ಮಾತು ಬಂತು, ಅಳು ನಿಂತ್ಹೋಯ್ತು. ಇನ್ನೇನು ಬೇಕು?"

ರಾಜಧಾನಿ ಸಿಯೋಲ್‌ನಿಂದ ದೊಡ್ಡ ಪಾದ್ರಿ ಬರುವವರಿದ್ದರು. ಅವರೆದುರು ದೇವರು ಮುಟ್ಟಿದ್ದಕ್ಕೆ ಸಾಕ್ಷಿ ಹೇಳಲು ಇವಳನ್ನೇ ಆರಿಸಿದ್ದರು. ಅದರ ಹಿಂದಿನ ಭಾನುವಾರ, ಒಸಾಕಾದಲ್ಲಿ ಆಯುಷ್ಯ ಸವೆಸಿ ಊರಿಗೆ ಮರಳಿದ ಛಾ ಅಜ್ಜ ನಮ್ಮ ಬೆಂಚಿನಲ್ಲಿ ಕೂತಿದ್ದ. ಓಕ್‌ಬುನ್ ಶುರುಮಾಡಿದ್ದೇ ತಡ, ಬಿದ್ದು ಬಿದ್ದು ನಕ್ಕ.

"ಸ್ವರ್ಗದ ಭಾಷೆಯಂತೆ! ಜಪಾನಿ ಕಣ್ರೋ ಇದು! 'ಬಂಗುಡೆ, ತಾಜಾ ಬಂಗುಡೆ, ಅಗ್ಗ ಅಗ್ಗ' ಅಂತ ಒಸಾಕಾ ಸಂತೇಲಿ ಕೂಗ್ತಾರೆ!"

ನನಗೂ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ದೇವರಿಗೇ ಮೀನು ಮಾರಿದ್ದಾಳೆ! ಪಾದ್ರಿಗಳು ಇಂಗು ತಿಂದ ಮಂಗನಂತಾದರು.

"ಸಾಕ್ಷಿ ಬೇಡಮ್ಮ. ಇದು ಪವಿತ್ರಾತ್ಮ ಅಲ್ಲ, ಬರೀ ನೆನಪು. ನೀವು ಹುಟ್ಟಿದ್ದು ಅಲ್ಲೇ ತಾನೆ?"

ಹೌದು. ಅವಳ ತಾಯಿ ಒಸಾಕಾದಲ್ಲಿ ಮೀನು ಮಾರುತ್ತಿದ್ದಳಂತೆ. ಯುದ್ಧ ಮುಗಿದು ಊರಿಗೆ ಬರುವ ಹಡಗಿನಲ್ಲೇ ತೀರಿಕೊಂಡಳು. ಆಗ ಮೂರು ವರ್ಷದವಳಾಗಿದ್ದ ಓಕ್‌ಬುನ್‌ಗೆ ಆ ಮುಖವೂ ನೆನಪಿಲ್ಲ, ದನಿಯೂ ನೆನಪಿಲ್ಲ.

ಓಕ್‌ಬುನ್ ಯಾರನ್ನೂ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಅಜ್ಜ, ಕೊನೇಲಿ 'ನಾಕಂತೋಕಿ' ಅಂತೀನಲ್ಲ, ಅದೂ ಮೀನೇನಾ?"

ಅಜ್ಜನ ನಗು ನಿಂತಿತು. "ಅದು ಮೀನಲ್ಲ ತಾಯಿ. 'ಅಳಬೇಡ' ಅಂತ. ನಿಮ್ಮಮ್ಮ ಬೆನ್ನಿಗೆ ಕಟ್ಕೊಂಡ ಮಗೂಗೆ ಹೇಳಿರ್ಬೇಕು. ಅಲ್ಲಿ ನಮ್ಮ ಕೊರಿಯನ್ ಭಾಷೆ ಆಡಿದ್ರೆ ಯಾರೂ ಮೀನು ಕೊಳ್ತಿರಲಿಲ್ಲ."

ಅವಳು ಪಾದ್ರಿಗಳ ಕಡೆ ತಿರುಗಿದಳು. "ಹಾಗಾದ್ರೆ ನನ್ನ ಅಳು ನಿಂತಿದ್ದು ಸುಳ್ಳಾ?"

ಪಾದ್ರಿಗಳು ಬೈಬಲ್ಲಿನ ಹಾಳೆ ಮಗುಚಿದರು.

ಮುಂದಿನ ಭಾನುವಾರ ಯಾರೂ ಕರೆಯದಿದ್ದರೂ ಓಕ್‌ಬುನ್ ಎದ್ದು ನಿಂತು, ದೊಡ್ಡ ಪಾದ್ರಿಯೆದುರು ಗಂಟಲೆತ್ತಿ ಬಂಗುಡೆ ಮಾರಿದಳು. ದೇವರು ಕೊಂಡನೋ ಬಿಟ್ಟನೋ, ಅವನ ಹಣೆಬರಹ. 'ನಾಕಂತೋಕಿ' ಬಂದಾಗ ಮಾತ್ರ, ನೂಡಲ್ಸಿಗೆ ಬಂದಿದ್ದ ನಾನು ಗೊಳೋ ಎಂದು ಅತ್ತೆ.

ಓಕ್‌ಬುನ್ ಒಂದು ಕಣ್ಣು ತೆರೆದು ನನ್ನನ್ನು ತಿವಿದಳು. "ಅಮ್ಮ ಅಳಬೇಡ ಅಂತಿದಾಳಲ್ಲೇ ಕತ್ತೆ, ಕೇಳಿಸ್ತಿಲ್ವಾ?"