ಹಿರಿಯ ಮಗ ಒಳಗೆ ಹೋದನೆ?

ಯಡ್ರಾಮಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅಪ್ಪ ದಿನಾ ಸಂಜೆ ಜಪಸರ ಮುಗಿಸಿ ಬೈಬಲ್ಲಿನ ಶುಭಸಂದೇಶದ ಒಂದು ಭಾಗ ಓದುತ್ತಿದ್ದರು. ಓದಾದ ಕೂಡಲೇ ಅಮ್ಮ ಒಲೆಯ ಕಡೆ, ನಾನು ಫೋನಿನ ಕಡೆ. ಓದಿದ್ದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪನಿಗೆ ಆಳಂದದಿಂದ ಇಲ್ಲಿಯ ಶಾಲೆಗೆ ವರ್ಗವಾಗಿತ್ತು. ಸುತ್ತಮುತ್ತ ಕಥೋಲಿಕರ ಮನೆ ನಮ್ಮದೊಂದೇ. ಪೂಜೆಗೆಂದು ಫಾದರ್ ತಿಂಗಳಿಗೊಮ್ಮೆ ಕಲಬುರಗಿಯಿಂದ ಜೇವರ್ಗಿಗೆ ಬರುತ್ತಿದ್ದರು. ನಾವು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು.

ಎದುರುಮನೆಯಲ್ಲಿ ಇದ್ದವರನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು. ಭೀಮೆಯ ದಂಡೆಯ ಮಣ್ಣೂರಿನವರು, ಇಲ್ಲಿ ಬೀಜ-ಗೊಬ್ಬರದ ಅಂಗಡಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅಪ್ಪನ ದನಿ ಕೇಳಿ ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತರು. ಓದು ಮುಗಿದರೂ ಏಳಲಿಲ್ಲ.

“ಅರ್ಥ ಹೇಳೋರು ಎಲ್ಲಿ ಅದಾರ್ರಿ ಮಾಸ್ತರ?”

“ಅರ್ಥಾರಿ?”

“ನಮ್ಮ ಮಠದಾಗ ಒಬ್ರು ಓದ್ತಾರ, ಇನ್ನೊಬ್ರು ಅರ್ಥ ಹೇಳ್ತಾರ. ನೀವು ಬರೇ ಓದಿ ಬಿಟ್ರಿ. ಊಟಕ್ಕ ಕರದು ತಾಟು ತೋರ್ಸಿ ಕಳಿಸ್ದಂಗಾತು.”

ಒಳಗೆ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. “ಅರ್ಥ ಹೇಳೋದು ಫಾದರ್ ಕೆಲಸರಿ. ನಾವು ಹೇಳಿ ತಪ್ಪಾದ್ರ?”

ಆದರೂ ಕಾಕಾ ದಿನಾ ಬರತೊಡಗಿದರು.

ಇನ್ನು ಮುಂದೆ ಹೇಳುವ ಸಂಜೆಯ ಬಗ್ಗೆ ನಾನು ಆಣೆ ಮಾಡಿ ಹೇಳಲಾರೆ. ಅವತ್ತು ಓದಿದ್ದು ಇದೇ ಭಾಗವೇ, ಅಥವಾ ಆಮೇಲೆ ನಡೆದದ್ದಕ್ಕೆ ಹೊಂದುತ್ತದೆಂದು ನೆನಪೇ ಇದನ್ನು ತಂದು ಇಲ್ಲಿ ಇಟ್ಟಿತೇ? ಅಮ್ಮ ಮಾತ್ರ ಇದೇ ಎನ್ನುತ್ತಾಳೆ. ಕಿರಿಯ ಮಗ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಕಳೆದು ಮರಳಿ ಬರುತ್ತಾನೆ. ತಂದೆ ಔತಣ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನು ಕರೆಯುತ್ತಾನೆ. ಭಾಗ ಅಲ್ಲಿಗೇ ಮುಗಿಯುತ್ತದೆ.

“ಒಳಗ ಹೋದ್ನ?” ಕಾಕಾ ಕೇಳಿದರು.

“ಯಾರ್ರಿ?”

“ಹಿರೇ ಮಗರಿ. ಕಡೀಕ ಒಳಗ ಹೋದ್ನೋ ಇಲ್ಲೋ?”

ಅಪ್ಪ ಪುಟ ತಿರುವಿ ನೋಡಿದರು. “ಬರ್ದಿಲ್ರಿ.”

“ಹಂಗ ಹೆಂಗ ಬಿಟ್ರು?” ಎಂದರು ಕಾಕಾ. “ನಮ್ಮ ತಮ್ಮ ಪುಣೆದಿಂದ ಬಂದಾನ್ರಿ. ಅವ್ವ ಬರೋ ರವಿವಾರ ಊಟಕ್ಕ ಮಣ್ಣೂರಿಗಿ ಕರ್ದಾಳ. ಅಪ್ಪ ಹಾಸಿಗಿ ಹಿಡದಾಗ ನೋಡ್ಕೊಂಡಾಂವ ನಾ. ಅಪ್ಪ ಸತ್ರ ಅಂವಾ ಮಣ್ಣಿಗೂ ಬರ್ಲಿಲ್ಲ. ಅದ್ಕ ಕೇಳಾಕತ್ತೇನಿ.”

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. “ಹೋಗಿರ್ಬೇಕ್ರಿ ಕಾಕಾ. ಅಪ್ಪ ಹೊರಗ ಬಂದು ಕರ್ದಮ್ಯಾಗ ಎಷ್ಟೊತ್ತಂತ ನಿಲ್ತಾನ?”

“ಬರೀದಿದ್ದದ್ದು ನೀ ಹೇಳಬ್ಯಾಡ,” ಎಂದರು ಅಪ್ಪ. ಜೋರಾಗಿಯೇನೂ ಅಲ್ಲ. ಕಾಕಾನ ಕಡೆ ತಿರುಗಿ, “ಮುಂದಿನ ತಿಂಗಳ ಫಾದರ್ ಬರ್ತಾರ. ಅವ್ರನ್ನ ಕೇಳಿ ಹೇಳ್ತೇನ್ರಿ.”

“ರವಿವಾರ ಅದರಕಿಂತ ಮದ್ಲ ಬರ್ತದಲ್ರಿ,” ಎನ್ನುತ್ತ ಕಾಕಾ ಧೋತರ ಝಾಡಿಸಿ ಎದ್ದರು.

ಆ ರವಿವಾರ ಅವರು ಅಂಗಡಿಯನ್ನೂ ತೆಗೆಯಲಿಲ್ಲ, ಮಣ್ಣೂರಿಗೂ ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಮ್ಮ ಕಟ್ಟೆಯ ಮೇಲೆ ಕೂತೇ ಇದ್ದರು. ಅಮ್ಮ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ನೋಡಿ ಬಂದಳು. ವಾರದೊಳಗೆ ತಮ್ಮ ಪುಣೆಗೆ ಮರಳಿದನೆಂದು ತಿಳಿಯಿತು. ಯಾರಿಂದ ಎಂಬುದು ಈಗ ನೆನಪಿಲ್ಲ.

ಜೇವರ್ಗಿಯಲ್ಲಿ ಪೂಜೆಯಾದ ಮೇಲೆ ಅಪ್ಪ ಫಾದರ್ ಹತ್ತಿರ ಎಲ್ಲ ಹೇಳಿದರು. ಫಾದರ್ ಮಂಗಳೂರಿನ ಕಡೆಯವರು.

“ಅದನ್ನು ಕಥೆ ಕೇಳಿದವನಿಗೇ ಬಿಟ್ಟದ್ದು ಮಾಸ್ಟ್ರೇ. ‘ನೀವು ಏನು ಮಾಡ್ತೀರಿ’ ಅಂತ ನೀವೇ ಅವರನ್ನು ಕೇಳ್ಬಹುದಿತ್ತು. ಅದಕ್ಕೆ ನಾನು ಯಾಕೆ ಬೇಕು?”

ಮರಳುವಾಗ ಬಸ್ಸಿನಲ್ಲಿ ಅಪ್ಪ ಕಣ್ಣೀರು ಒರೆಸಿಕೊಂಡರು ಎಂದು ಮೊದಲು ಬರೆದಿದ್ದೆ. ಸುಳ್ಳು, ಅಳಿಸಿದೆ. ಟಿಕೆಟ್ಟನ್ನು ಸಣ್ಣಗೆ ಮಡಚುತ್ತ ಕೂತಿದ್ದರು, ಅಷ್ಟೇ. ಇಳಿದವರು ಮನೆಗೆ ಬಾರದೆ ನೇರ ಕಾಕಾನ ಕಟ್ಟೆಗೆ ಹೋದರು. ನಾನು ಚೀಲ ಹಿಡಿದು ಹಿಂದೆಯೇ ನಿಂತಿದ್ದೆ.

“ಫಾದರ್‌ಗೆ ಕೇಳಿದೆ ಕಾಕಾ. ಆ ಹಿರೇ ಮಗ...”

“ಹೋಗ್ಲಿಲ್ರಿ,” ಕಾಕಾ ಜರುಗಿ ಜಾಗ ಮಾಡಿಕೊಟ್ಟರು. “ಅದು ನನಗ ಗೊತ್ತದ. ಕೂಡ್ರಿ, ಚಾ ಕುಡೀರಿ.”

ಅಪ್ಪ ಕೂತರು. ಚಹಾ ಬಂತು. ತೊಗರಿಗೆ ಬಿದ್ದ ಹುಳದ ಮಾತಾಯಿತು.

ಕಾಕಾ ಈಗಲೂ ಒಮ್ಮೊಮ್ಮೆ ಸಂಜೆ ಬಂದು ಕೂಡುತ್ತಾರೆ. ಓದು ಮುಗಿದ ಮೇಲೆ ಅಪ್ಪ ಅವರ ಮುಖ ನೋಡುತ್ತ ಕಾಯುತ್ತಾರೆ.

“ಏನರ ಕೇಳ್ರಿ ಕಾಕಾ.”

“ಏನಿಲ್ರಿ. ಛಲೋ ಓದ್ತೀರಿ,” ಎನ್ನುತ್ತಾರೆ ಕಾಕಾ.