ಗಲ್ಫಿನ ಮಾತ್ರೆ, ಬ್ಯಾಕ್ಟೀರಿಯಾದ ಗೋಡೆ

ನಮ್ಮೂರು ಕೆಮ್ಮಣ್ಣಿನ ಹೊಳೆಯಲ್ಲಿ ನೀರು ಇಳಿದರೆ ಮಕ್ಕಳೆಲ್ಲ ಮರುವಾಯಿ ಚಿಪ್ಪು ಹೆಕ್ಕಲು ಓಡುತ್ತಿದ್ದ ಕಾಲ ಅದು. ಕಾಲ್ಬೆರಳಿಗೆ ಚಿಪ್ಪು ತಾಗಿದ ಕೂಡಲೇ ಮುಳುಗಿ ತೆಗೆಯಬೇಕು. ನನ್ನ ತಂಗಿ ಶ್ವೇತಾ ಮುಳುಗಿದರೆ ಬೇಗ ಏಳುತ್ತಲೇ ಇರಲಿಲ್ಲ. ಸಂಜೆ ಅಮ್ಮ ತೆಂಗಿನಕಾಯಿ ಹುರಿದು ಮರುವಾಯಿ ಸುಕ್ಕ ಮಾಡುವಾಗ ಒಲೆಯ ಹತ್ತಿರ ಕೂತು ಇಬ್ಬರೂ ಕೂದಲು ಒಣಗಿಸಿಕೊಳ್ಳುತ್ತಿದ್ದೆವು. ಇಂಥದ್ದೆಲ್ಲ ನೆನಪಾದರೆ ಜನರಿಗೆ ಖುಷಿಯಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಶ್ವೇತಾಳ ಎರಡೂ ಕಿವಿ ಸೋರತೊಡಗಿದವು. ಜ್ವರವೂ ಬಂತು. ದುಬೈಯಿಂದ ಆರು ತಿಂಗಳ ರಜೆಗೆ ಬಂದಿದ್ದ ಮಾವ ಸೂಟ್‌ಕೇಸಿನಿಂದ ಸಾಬೂನು, ಸೆಂಟಿನ ಜೊತೆ ಆಂಟಿಬಯೋಟಿಕ್ ಮಾತ್ರೆಯ ಡಬ್ಬಿಯನ್ನೂ ತೆಗೆದರು.

“ಡಾಕ್ಟರು ಎಂತಕ್ಕೆ? ಇದು ಅಲ್ಲಿನ ಪವರ್ ಮಾತ್ರೆ.”

ಎರಡೇ ದಿನಕ್ಕೆ ಜ್ವರ ಬಿಟ್ಟಿತು. ಅಮ್ಮ ಮಾತ್ರೆ ನಿಲ್ಲಿಸಿದಳು. “ಇನ್ನೂ ಕೊಟ್ಟರೆ ಉಷ್ಣ ಆಗ್ತದೆ. ಉಳಿದದ್ದು ನಾಲ್ಕು ಮನೆಗೆ ಆಗ್ತದೆ ಅಲ್ವಾ?”

ಗಲ್ಫಿನ ಸಾಮಾನು ಬಂದರೆ ನೆರೆಮನೆಗೆ ಹಂಚುವುದು ನಮ್ಮಲ್ಲಿ ಕ್ರಮ. ಸಾಬೂನು ಹಂಚಿದ ಹಾಗೆಯೇ ಮಾತ್ರೆಯ ಪಟ್ಟಿಯನ್ನೂ ಕತ್ತರಿಯಲ್ಲಿ ತುಂಡು ಮಾಡಿ ಹಂಚಿದರು. ಒಬ್ಬರಿಗೆ ಹಲ್ಲುನೋವಿಗೆ, ಇನ್ನೊಬ್ಬರಿಗೆ ಶೀತಕ್ಕೆ. ಶ್ವೇತಾಳ ಕಿವಿ ಪುನಃ ಸೋರಿದರೆ ಪುನಃ ಒಂದೆರಡು ಮಾತ್ರೆ. ಪರೀಕ್ಷೆ ಹತ್ತಿರ ಬರುವ ತನಕ ಇದೇ ನಡೆಯಿತು.

ಅದೇ ತಿಂಗಳುಗಳಲ್ಲಿ ನಾನು ಶಾಲೆಯಲ್ಲಿ ಬ್ಯಾಕ್ಟೀರಿಯಾದ ಚಿತ್ರ ಬಿಡಿಸುತ್ತಿದ್ದೆ. ಹೊರಗೆ ಕೋಶಭಿತ್ತಿ, ಅದರೊಳಗೆ ತೆಳ್ಳನೆಯ ಪೊರೆ, ನಡುವೆ ಸುರುಳಿ ಸುತ್ತಿ ಬಿದ್ದ ಡಿಎನ್‌ಎ, ಚುಕ್ಕಿ ಚುಕ್ಕಿ ರೈಬೋಸೋಮ್, ಈಜಲು ಬಾಲದಂಥ ಕಶಾಂಗ.

“ಟೀಚರ್, ಈ ಗೋಡೆ ಎಂತಕ್ಕೆ?”

“ಆಕಾರಕ್ಕೆ, ರಕ್ಷಣೆಗೆ. ಅಷ್ಟು ಬರೆದರೆ ಸಾಕು. ಗೆರೆ ನೀಟಾಗಿರಲಿ.”

ಯಾವುದರಿಂದ ರಕ್ಷಣೆ ಎಂದು ಅವರು ಹೇಳಲಿಲ್ಲ. ಕಶಾಂಗ ಸೊಟ್ಟಗಾದರೆ ಅರ್ಧ ಅಂಕ ಕಳೆಯಲು ಮಾತ್ರ ಅವರಿಗೆ ಪುರುಸೊತ್ತು ಇತ್ತು.

ಕಡೆಗೆ ಕರೆದರೂ ಶ್ವೇತಾ ತಿರುಗದಂತಾದಾಗ ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಕಾಗದದ ಮೇಲೆ ನನ್ನ ಅದೇ ಚಿತ್ರ ಬಿಡಿಸಿದರು.

“ನೋಡಿ ಅಮ್ಮ, ನೀವು ಕೊಟ್ಟ ಮಾತ್ರೆ ಈ ಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆ ಇಲ್ಲದಿದ್ದರೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದು ಸಾಯ್ತದೆ. ನಮ್ಮ ಜೀವಕೋಶಕ್ಕೆ ಗೋಡೆಯೇ ಇಲ್ಲ, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಹೀಗೆ ಎರಡೆರಡು ಕೊಟ್ಟು ನಿಲ್ಲಿಸಿದರೆ ಗಟ್ಟಿಯವು ಉಳಿದು ಅವೇ ಹೆಚ್ಚುತ್ತವೆ. ಈಗ ಈ ಮಾತ್ರೆ ನಾಟುವುದಿಲ್ಲ.”

“ಮಾತ್ರೆಯಲ್ಲಿ ದೋಷ ಇಲ್ಲ ಮಾರಾಯ್ರೆ, ಅದು ಅಲ್ಲಿಯದ್ದು,” ಎಂದರು ಜೊತೆಗೆ ಬಂದಿದ್ದ ಮಾವ. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. ಕಿವಿಯೊಳಗಿನ ಸಣ್ಣ ಮೂಳೆಗಳನ್ನು ಸೋಂಕು ಅಷ್ಟರಲ್ಲಿ ತಿಂದು ಮುಗಿಸಿತ್ತು. ಗೋಡೆಯ ಕೆಲಸವನ್ನು ಹೇಳಲು ಡಾಕ್ಟರಿಗೆ ಹಿಡಿದ ಸಮಯ ನಮ್ಮ ಟೀಚರಿಗೆ ಇಡೀ ವರ್ಷದಲ್ಲಿ ಸಿಕ್ಕಿರಲಿಲ್ಲ.

ಈಗ ಶ್ವೇತಾ ಹಿರಿಯಡ್ಕದಲ್ಲಿ ಬಟ್ಟೆಯಂಗಡಿ ಇಟ್ಟಿದ್ದಾಳೆ. ಕಿವಿಗೆ ಮಿಷನ್ ಉಂಟು, ಆದರೂ ಮೆಲ್ಲಗೆ ಆಡಿದ ಮಾತು ಅವಳಿಗೆ ಕೇಳುವುದಿಲ್ಲ. ಮೊನ್ನೆ ನನ್ನ ಸಂಸಾರದ ಒಂದು ಸಂಕಟ ಹೇಳಿಕೊಳ್ಳಲು ಅಲ್ಲಿಗೆ ಹೋಗಿದ್ದೆ. ಅವಳಿಗಲ್ಲದೆ ಬೇರೆ ಯಾರಿಗೂ ಹೇಳುವಂಥದ್ದಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳ ಹತ್ತಿರ ಬಾಗಿ ಹೇಳಿದೆ.

“ಎಂತ ಅಕ್ಕ? ಜೋರು ಹೇಳು.”

ಇನ್ನೊಮ್ಮೆ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಗಿರಾಕಿಗಳೂ ತಿರುಗಿ ನೋಡಿದರು.

“ಏನಿಲ್ಲ,” ಎಂದು ಜೋರಾಗಿ ಹೇಳಿ ಹೊರಗೆ ಬಂದೆ.